ಅಗರಕ್ಕನ ಕೈತಪ್ಪಿನ ಪುಸ್ತಕ

ಮೂರು ದಿನಗಳಿಂದ ಒಂದು ಮುಚ್ಚಳ ನನ್ನ ತಲೆಯಿಂದ ಇಳಿಯುತ್ತಿಲ್ಲ. ನಾಲ್ಕು ಬೆರಳಗಲದ ಕೆಂಪು ಪ್ಲಾಸ್ಟಿಕ್ ಮುಚ್ಚಳ. ಹಾಲುಣಿಸುವಾಗ, ಬಟ್ಟೆ ಮಡಿಸುವಾಗ, ಹಲ್ಲುಜ್ಜುವಾಗ, ಅದು ಬಚ್ಚಲಿನ ನೆಲಕ್ಕೆ ಟಕ್ಕೆಂದು ಬಿದ್ದ ಸದ್ದೇ ಕಿವಿಯಲ್ಲಿ.

ನನ್ನ ಮಗಳಿಗೆ ಎಂಟು ತಿಂಗಳು. ಶುಕ್ರವಾರ ಜ್ವರ ಬಂತು. ನೆಗಡಿಯಿಲ್ಲ, ಕೆಮ್ಮಿಲ್ಲ, ಬರೀ ಜ್ವರ. ಮೂತ್ರದಲ್ಲಿ ಸೋಂಕಿದೆಯೇನೋ ನೋಡೋಣ ಎಂದು ಡಾಕ್ಟರಮ್ಮ ಸೀಲು ಮಾಡಿದ ಡಬ್ಬಿ ಕೊಟ್ಟು ಕಳಿಸಿದರು. ಶನಿವಾರ ಬೆಳಗ್ಗೆ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬಚ್ಚಲಿನಲ್ಲಿ ಮುಕ್ಕಾಲು ಗಂಟೆ ಕಾದೆ. ಕೊನೆಗೂ ಧಾರೆ ಬಂತು, ಹಿಡಿದೆ. ಅಷ್ಟರಲ್ಲಿ ಅವಳು ಕಾಲು ಝಾಡಿಸಿದಳು. ಸ್ಟೂಲಿನ ಮೇಲಿಟ್ಟಿದ್ದ ಮುಚ್ಚಳ ಒಳಮುಖ ಕೆಳಗಾಗಿ ನೆಲಕ್ಕೆ ಬಿತ್ತು.

ಎತ್ತಿದೆ. ನಲ್ಲಿ ನೀರಿನಲ್ಲಿ ತೊಳೆದೆ. ಮುಚ್ಚಿದೆ.

ಬಾಗಿಲ ಹೊರಗಿಂದ ಅತ್ತೆ, "ಆಯ್ತೇನಮ್ಮ?" ಎಂದರು.

"ಆಯ್ತು ಅತ್ತೆ."

ಆಮೇಲೆ ಮಗು ನನ್ನನ್ನು ಏಳಗೊಡದೆ ಎದೆಗಂಟಿ ಮಲಗಿತು. ಡಬ್ಬಿ ಬಿಸಿಲು ಬೀಳುವ ಕಿಟಕಿ ಕಟ್ಟೆಯ ಮೇಲೆ ಎರಡು ಗಂಟೆ ಕೂತಿತು. ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ಇವತ್ತು ಮಂಗಳವಾರ. ಹನ್ನೊಂದು ಗಂಟೆಗೆ ರಿಪೋರ್ಟು ಬಂತು. ಎರಡು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ, ಒಂದರ ಲೆಕ್ಕ ಜಾಸ್ತಿಯೇ ಇದೆ. "ಎರಡು ಬೆಳೆದಿರೋದು ಸ್ವಲ್ಪ ವಿಚಿತ್ರ," ಎಂದರು ಡಾಕ್ಟರಮ್ಮ, "ಆದ್ರೆ ಚಿಕ್ಕ ಮಗು, ಕಾಯೋ ಹಾಗಿಲ್ಲ. ನಾಳೆ ಬೆಳಗ್ಗೆ ಅಡ್ಮಿಟ್ ಮಾಡ್ಬಿಡಿ. ಐದು ದಿನ ಇಂಜೆಕ್ಷನ್." ನಾನು ಹೂಂ ಎಂದೆ. ಹೂಂ ಎಂದವಳು ಫೋನಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಸೋಂಕು ನಿಜವಾಗಿದ್ದರೆ ಸೂಜಿ ಬೇಕೇ ಬೇಕು. ಅದು ಬಚ್ಚಲಿನ ನೆಲದ ಕೊಡುಗೆಯಾಗಿದ್ದರೆ? ಇಷ್ಟು ಪುಟ್ಟ ಕೈಗೆ ಐದು ದಿನ ಸೂಜಿ, ಅದೂ ನನ್ನ ಮುಚ್ಚಳದ ದೆಸೆಯಿಂದ. ಜ್ವರಕ್ಕೆ ಬೇರೇನೋ ಕಾರಣವಿದ್ದರೆ ಅದನ್ನು ಹುಡುಕುವವರೂ ಇಲ್ಲ. ಭಾನುವಾರವೇ ಜ್ವರ ಇಳಿದಿದ್ದ ಮಗಳು ಚಾಪೆಯ ಮೇಲೆ ಕೂತು ಚಮಚ ಕಚ್ಚುತ್ತಿದ್ದಳು.

ಹೇಳಿಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದಿದವಳು. ಈ ಮನೆಯಲ್ಲಿ ನನಗಿರುವ ಒಂದೇ ಕಿರೀಟ ಅದು. ಅತ್ತೆ ಅಕ್ಕಪಕ್ಕದವರ ಹತ್ತಿರ, "ನಮ್ಮ ಸೊಸೆ ಹುಳ ಓದಿದೋಳು. ಬಾಟ್ಲಿ ಮೂರು ಸಲ ಕುದಿಸ್ತಾಳೆ, ಆಮೇಲೆ ನಮ್ಮನ್ನೂ ಕುದಿಸ್ಬೇಕು ಅಂತ ನೋಡ್ತಾಳೆ," ಎಂದು ಬೈದಂತೆ ಹೊಗಳುತ್ತಾರೆ. ಅಂಥವಳು ಮುಚ್ಚಳ ಬೀಳಿಸಿ ನಲ್ಲಿ ನೀರಿನಲ್ಲಿ ತೊಳೆದಳೆಂದರೆ ಮುಖ ಎಲ್ಲಿಟ್ಟುಕೊಳ್ಳಲಿ?

ಹೀಗೆ ಕೂತಿದ್ದಾಗ ನೆನಪಾದವಳು ಅಗರಕ್ಕ.

ಆಕೆ ನಮ್ಮ ಕಾಲೇಜಿನ ಲ್ಯಾಬಿನ ಅಟೆಂಡರ್. ಅಗರ್ ಎಂದರೆ ಕಡಲ ಪಾಚಿಯಿಂದ ತೆಗೆಯುವ ಪುಡಿ. ಸತ್ವದ ನೀರಿಗೆ ಬೆರೆಸಿ ಕುದಿಸಿ, ತಟ್ಟೆಗೆ ಸುರಿದು ಆರಲು ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ. ಬ್ಯಾಕ್ಟೀರಿಯಾ ಬೆಳೆಸುವುದು ಅದರ ಮೇಲೆ. ಮೂವತ್ತು ವರ್ಷ ಆ ತಟ್ಟೆಗಳನ್ನು ಸುರಿದವಳಿಗೆ ಯಾವುದೋ ಹಳೆಯ ಬ್ಯಾಚಿನವರು ಇಟ್ಟ ಹೆಸರು ಅದು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು, ಯಾರಾದರೂ ಅದನ್ನು ಕೂಗಿದರೆ ತಾನೇ ತಿರುಗಿ ನೋಡುತ್ತಿರಲಿಲ್ಲ.

ಗಾಜಿನ ಸಾಮಾನು ತೊಳೆಯಲೆಂದು ಸೇರಿದ್ದಳಂತೆ, ಏಳನೇ ಕ್ಲಾಸು ಓದಿ. ನಾವು ಬರುವ ಹೊತ್ತಿಗೆ ಲ್ಯಾಬೇ ಅವಳ ಅಡುಗೆಮನೆಯಾಗಿತ್ತು. ಸಾಮಾನು ಬೇಯಿಸಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಅವಳು ಕರೆಯುತ್ತಿದ್ದದ್ದು 'ದೊಡ್ಡ ಕುಕ್ಕರ್' ಎಂದೇ. ಫ್ಲಾಸ್ಕನ್ನು ಕೆನ್ನೆಗೆ ತಾಗಿಸಿ, "ಇನ್ನೂ ಬಿಸಿ, ತಡಿ," ಎನ್ನುವಳು. ಸರಿಯಾದ ಹದ ಬಂದಾಗ ಸುರಿದರೆ ಇಪ್ಪತ್ತು ತಟ್ಟೆಯಲ್ಲಿ ಒಂದು ಗುಳ್ಳೆಯಿರುತ್ತಿರಲಿಲ್ಲ. ತಟ್ಟೆ ಬೆಳೆದ ಮೇಲೆ ಮುಚ್ಚಳ ತೆಗೆಯದೆಯೇ, ಅಂಚಿನಿಂದ ಬರುವ ವಾಸನೆಯಲ್ಲೇ ಯಾವುದು ಬೆಳೆದಿದೆ ಎಂದು ಹೇಳಿಬಿಡುವಳು. ನಾವು ಮೂಗು ಹತ್ತಿರ ತಂದರೆ ಮಾತ್ರ ಬೆನ್ನಿಗೆ ಗುದ್ದು ಬೀಳುತ್ತಿತ್ತು. "ನನ್ನ ಮೂಗು ಹಳೇದು, ಹೋದ್ರೆ ಹೋಗ್ಲಿ. ನಿನ್ನದಕ್ಕೆ ಇನ್ನೂ ಮೂಗುತಿ ಹಾಕೋದಿದೆ."

ನಾನು ಆಗಲೂ ಹೆದರುಪುಕ್ಕಲಿ. ಮೊದಲ ದಿನ ತಂತಿಯ ಕುಣಿಕೆಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಬ್ಯಾಕ್ಟೀರಿಯಾ ಎತ್ತಿ ತಟ್ಟೆಯ ಮೇಲೆ ಗೆರೆ ಎಳೆಯಬೇಕಿತ್ತು. ಒತ್ತಿ ಎಳೆದದ್ದಕ್ಕೆ ಅಗರ್ ಕಿತ್ತುಬಂತು.

"ಉಳುಮೆ ಮಾಡ್ತಿದ್ದೀಯಾ ತಾಯಿ?" ಎಂದಳು ಅಗರಕ್ಕ. "ಮಗು ಕೆನ್ನೆಗೆ ಪೌಡರ್ ಹಚ್ಚೋ ಹಾಗೆ ಹಚ್ಚು. ಒಂದು ಮೂಲೆ ಆಯ್ತಾ, ತಂತಿ ಸುಡು. ಇನ್ನೊಂದು ಮೂಲೆ, ಮತ್ತೆ ಸುಡು. ಗುಂಪಾಗಿದ್ರೆ ಯಾರು ಯಾರು ಅಂತ ಗೊತ್ತಾಗಲ್ಲ. ಚದುರಿಸಿ ಒಂಟಿ ಮಾಡಿದ್ರೆ ತಾನೇ ಗುಣ ಗೊತ್ತಾಗೋದು? ನಮ್ಮ ಮನೆ ನೆಂಟರೂ ಹಾಗೇ."

ಮರುದಿನ ಬೆಳಗ್ಗೆ ನನ್ನ ತಟ್ಟೆಯ ಕೊನೆಯ ಮೂಲೆಯಲ್ಲಿ ಸಾಸಿವೆಯಂಥ ದುಂಡನೆಯ ಚುಕ್ಕೆಗಳು ಒಂದೊಂದಾಗಿ ಕೂತಿದ್ದವು. ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಪಾಸು," ಎಂದಳು. ಮೇಡಂ ಹೇಳುವ ಮೊದಲೇ.

ತಟ್ಟೆ ಸುರಿದಾಗಲೆಲ್ಲ ಒಂದನ್ನು ಏನೂ ಹಚ್ಚದೆ ಹಾಗೇ ಬಿಡುವುದು ಅವಳ ಕ್ರಮ. ಎಲ್ಲ ಲ್ಯಾಬುಗಳಲ್ಲೂ ಹಾಗೆ ಬಿಡುತ್ತಾರೆ, ಆದರೆ 'ಸಾಕ್ಷಿ ತಟ್ಟೆ' ಎಂದು ಕರೆದದ್ದು ಅವಳೊಬ್ಬಳೇ. ಮಿಕ್ಕ ತಟ್ಟೆಗಳಲ್ಲಿ ಬೆಳೆದದ್ದನ್ನು ನಂಬಬೇಕಾದರೆ ಆ ತಟ್ಟೆ ಖಾಲಿಯಿರಬೇಕು.

ಅಗರಕ್ಕನನ್ನು ಡಿಎನ್‌ಎ ಬೆಚ್ಚಿಬೀಳಿಸಿದ್ದನ್ನು ನಾನೇ ಕಂಡಿದ್ದೇನೆ. ಬಾಳೆಹಣ್ಣು ಕಿವುಚಿ, ಉಪ್ಪು ಮತ್ತು ಪಾತ್ರೆ ತೊಳೆಯುವ ಸೋಪು ಹಾಕಿ, ಸೋಸಿ, ಮೇಲೆ ತಣ್ಣನೆಯ ಸ್ಪಿರಿಟ್ ಮೆಲ್ಲಗೆ ಇಳಿಸಿದಾಗ ಬಿಳಿ ಎಳೆಗಳು ತೇಲಿಬಂದವು. ಕಡ್ಡಿಗೆ ಸುತ್ತಿ ತೋರಿಸಿದೆ.

"ಇದೇನಾ? ಅಪ್ಪನ ಮೂಗು, ಅಮ್ಮನ ಸಿಟ್ಟು ಎಲ್ಲ ಇದರಲ್ಲೇ ಬರೋದಾ?"

"ಇದು ಬಾಳೆಹಣ್ಣಿಂದು ಅಕ್ಕ."

"ಯಾರದ್ದಾದ್ರೂ ಆಗ್ಲಿ. ಇಷ್ಟು ದೊಡ್ಡ ಸಂಗತಿ, ನೋಡೋಕೆ ಸಿಂಬಳ ಇದ್ದ ಹಾಗಿದೆಯಲ್ಲೇ!" ಎಂದು ಬಾಯಿ ಮೇಲೆ ಕೈಯಿಟ್ಟು ನಿಂತಳು. ಆ ಟ್ಯೂಬನ್ನು ಬಿಸಾಡಲು ಸಂಜೆಯವರೆಗೂ ಬಿಡಲಿಲ್ಲ.

ಈಗ ಆ ಪುಸ್ತಕದ ಮಾತು. ಕೊನೆಯ ವರ್ಷದಲ್ಲಿ ನನ್ನದು ಪಿಸಿಆರ್ ಕೆಲಸ. ಡಿಎನ್‌ಎಯ ಒಂದು ತುಣುಕನ್ನು ಯಂತ್ರದಲ್ಲಿಟ್ಟು ಕೋಟಿಗಟ್ಟಲೆ ನಕಲು ಮಾಡಿಸುವುದು, ಆಮೇಲೆ ತೆಳ್ಳನೆಯ ಜೆಲ್ಲಿನ ಗುಂಡಿಗಳಿಗೆ ತುಂಬಿ ಕರೆಂಟು ಹರಿಸುವುದು. ಡಿಎನ್‌ಎ ಕಪ್ಪು ವೈರಿನ ಕಡೆಯಿಂದ ಕೆಂಪು ವೈರಿನ ಕಡೆಗೆ ಓಡಿ, ದೀಪದಡಿ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಕೊನೆಯ ಗುಂಡಿಗೆ ಡಿಎನ್‌ಎ ಹಾಕದೆ ಬರೀ ನೀರಿನಿಂದ ಮಾಡಿದ ಮಾದರಿ. ಅದರಲ್ಲಿ ಏನೂ ಕಾಣಬಾರದು. ಅದೂ ಒಂದು ಸಾಕ್ಷಿ ತಟ್ಟೆಯೇ.

ನನ್ನ ನೀರಿನ ಸಾಲಿನಲ್ಲಿ ಪಟ್ಟಿ ಹೊಳೆಯಿತು. ಅವಸರದಲ್ಲಿ, ಹನಿ ಅಳೆದು ಹಾಕುವ ಪಿಪೆಟ್ಟಿನ ತುದಿ ಬದಲಿಸಿರಲಿಲ್ಲ. ಮಾರನೆಯ ದಿನ ವರದಿ ಕೊಡಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಫೋಟೋದ ಅಂಚನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ವರದಿಗೆ ಅಂಟಿಸಿದೆ.

ಮೇಡಂಗೆ ಗೊತ್ತಾಗುವ ಹಾಗಿರಲಿಲ್ಲ. ಗೊತ್ತಾದದ್ದು ಜೆಲ್ ಸುರಿದವಳಿಗೆ. ಮೇಜೊರೆಸುತ್ತ ವರದಿಯ ಮೇಲೆ ಕಣ್ಣು ಹಾಯಿಸಿದಳು.

"ಎಂಟು ಗುಂಡಿ ಮಾಡಿಕೊಟ್ಟಿದ್ದೆ. ಇಲ್ಲಿ ಏಳೇ ಇದೆ."

ನಾನು ವರದಿಯನ್ನು ಮುಚ್ಚಲು ಹೋದೆ.

"ನೀರಲ್ಲೂ ಬಂತಾ?"

ಅಳು ಬಂತು. ಬೈಯುತ್ತಾಳೆ ಎಂದುಕೊಂಡೆ. ಅವಳು ಬೀರು ತೆಗೆದು, ಅಂಚು ಹರಿದ ಉದ್ದನೆಯ ನೋಟ್‌ಬುಕ್ಕೊಂದನ್ನು ನನ್ನ ಮುಂದಿಟ್ಟಳು. ಅದು ನಮಗೆಲ್ಲ ಗೊತ್ತಿದ್ದ ಕೈತಪ್ಪಿನ ಪುಸ್ತಕ. ಲ್ಯಾಬಿನಲ್ಲಿ ಯಾರಿಂದ ಏನು ತಪ್ಪಾದರೂ ಅವತ್ತು ಸಂಜೆಯೊಳಗೆ ತಾವೇ ಬರೆಯಬೇಕು. ಬರೆದವರನ್ನು ಮೇಡಂ ಕೂಡ ಬೈಯುವಂತಿಲ್ಲ, ಅಂಕ ಕಡಿಯುವಂತಿಲ್ಲ. ಅದು ಹೇಗೆ ಶುರುವಾಯಿತೆಂದು ಮಾತ್ರ ನಾನು ಕೇಳಿರಲಿಲ್ಲ. ಅವಳು ಮೊದಲ ಪುಟ ತೆರೆದಳು. ಮಕ್ಕಳ ಅಕ್ಷರದಂಥ ದಪ್ಪ ಅಕ್ಷರ.

'ನಾನು ಕುಕ್ಕರ್ ಹಚ್ಚಲಿಲ್ಲ. ಹಚ್ಚಿದೆ ಅಂದೆ. ಹುಡುಗಿ ಅತ್ತಳು. ತಪ್ಪು ನನ್ನದು.'

"ನಂದೇ," ಎಂದಳು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಫ್ಲಾಸ್ಕುಗಳನ್ನು ಆಟೋಕ್ಲೇವಿನೊಳಗೆ ಇಡುವಾಗ, ಮಗಳು ಶಾಲೆಯಲ್ಲಿ ಬಿದ್ದಿದ್ದಾಳೆಂದು ಯಾರೋ ಬಂದು ಹೇಳಿದರು. ಓಡಿದಳು. ತಿರುಗಿ ಬಂದಾಗ ಕುಕ್ಕರಿನ ಒತ್ತಡದ ಮುಳ್ಳು ಸೊನ್ನೆಯಲ್ಲೇ ಇತ್ತು, ಕ್ಲಾಸು ಕಾಯುತ್ತಿತ್ತು. ಹೇಗೂ ಒಲೆಯ ಮೇಲೆ ಒಂದು ಕುದಿ ಬಂದಿದೆಯಲ್ಲ ಎಂದು ಸುರಿದುಬಿಟ್ಟಳು. ಬರೀ ಕುದಿಗೆ ಸಾಯದ ಬ್ಯಾಕ್ಟೀರಿಯಾಗಳಿವೆ ಎಂದು ಅವಳಿಗಾಗ ತಿಳಿದಿರಲಿಲ್ಲ. ಎರಡು ದಿನಕ್ಕೆ ಅರವತ್ತು ತಟ್ಟೆಗಳೂ ಬೆಳೆದು ನಿಂತವು, ಸಾಕ್ಷಿ ತಟ್ಟೆಯೂ. ಆಗಿನ ಮೇಡಂ, ತಟ್ಟೆಗಳ ಉಸ್ತುವಾರಿಯಿದ್ದ ಒಬ್ಬ ಹುಡುಗಿಯನ್ನು ಎಲ್ಲರೆದುರು ಬೈದು ಹೊರಗೆ ನಿಲ್ಲಿಸಿದರು.

"ಮೂರು ದಿನ ಬಾಯಿ ಬಿಡ್ಲಿಲ್ಲ ಕಣೆ. ಆ ಮಗು ಹೊರಗೆ ನಿಂತು ಅಳ್ತಿತ್ತು, ನಾನು ಒಳಗೆ ಗಾಜು ತೊಳೀತಿದ್ದೆ. ನಾಲ್ಕನೇ ದಿನ ತಡೀಲಿಕ್ಕಾಗದೆ ಹೋಗಿ ಹೇಳ್ದೆ. ಕೆಲಸ ಹೋಗುತ್ತೆ ಅಂದ್ಕೊಂಡಿದ್ದೆ. ಮೇಡಂ ಒಂದು ಹೊಸ ಪುಸ್ತಕ ಕೊಟ್ಟು, ಇದ್ರಲ್ಲಿ ಬರಿ ಅಂದ್ರು. ಆಮೇಲೆ ಪೆನ್ ಕಿತ್ಕೊಂಡು, ಕೇಳದೆ ಬೈದದ್ದು ನನ್ನ ತಪ್ಪು ಅಂತ ಕೆಳಗೆ ತಾವೂ ಬರೆದ್ರು. ನೋಡು, ಇದೆ."

ಇತ್ತು.

ನಾನೂ ಬರೆದೆ. ಮರುದಿನ ಅವಳು ಬೆಳಗ್ಗೆ ಏಳಕ್ಕೇ ಬಂದು ಲ್ಯಾಬ್ ತೆರೆದು, ಹೊಸ ಜೆಲ್ ಸುರಿದುಕೊಟ್ಟಳು. ಪ್ರತಿ ಹನಿಗೂ ಹೊಸ ತುದಿ. ಏಳು ಸಾಲು ಹೊಳೆದವು, ಎಂಟನೆಯದು ಕತ್ತಲೆ. ಕತ್ತಲೆಯನ್ನು ಕಂಡು ನಾವಿಬ್ಬರೂ ಕೈ ಹಿಡಿದುಕೊಂಡು ಕುಣಿದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ವರದಿ ಒಂದು ದಿನ ತಡವಾಯಿತು, ಯಾರೂ ಬೈಯಲಿಲ್ಲ. ಓದಿದ ಪಾಠಗಳಲ್ಲಿ ಅರ್ಧ ಮರೆತಿದ್ದೇನೆ. ಆ ಬೆಳಗ್ಗೆ ಏಳು ಗಂಟೆಯ ಋಣ ಮಾತ್ರ ಮರೆತಿಲ್ಲ.

ಇವತ್ತು ಮಧ್ಯಾಹ್ನ ಮೊದಲು ಅವಳಿಗೇ ಫೋನ್ ಮಾಡೋಣವೆನ್ನಿಸಿತು. ನಿವೃತ್ತಳಾಗಿ ಮಗಳ ಮನೆಯಲ್ಲಿದ್ದಾಳೆ, ನಂಬರು ನನ್ನ ಹತ್ತಿರವಿದೆ. ಸಮಾಧಾನದ ಎರಡು ಮಾತು ಕೇಳುವ ಆಸೆ. ಆದರೆ ನಂಬರು ತೆಗೆಯುವಷ್ಟರಲ್ಲೇ ಅವಳ ದನಿ ಕೇಳಿದ ಹಾಗಾಯಿತು: ನಂಗ್ಯಾಕೆ ಮಾಡ್ತೀಯೇ? ತಟ್ಟೆ ಯಾರ ಕೈಲಿದೆಯೋ ಅವರಿಗೆ ಹೇಳು. ಸಂಜೆಯೊಳಗೆ.

ಗಡಿಯಾರ ನೋಡಿದೆ. ಮೂರೂವರೆ. ಅತ್ತೆ ನಾಳೆಗೆಂದು ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಅವರ ಎದುರಿಗೇ ಕೂತು ಡಾಕ್ಟರಮ್ಮನ ನಂಬರು ಒತ್ತಿದೆ.

"ಡಾಕ್ಟ್ರೇ, ಜ್ವರದ ಪಾಪು ತಾಯಿ ನಾನು. ಶನಿವಾರ ಡಬ್ಬಿ ಮುಚ್ಚಳ ಬಚ್ಚಲಲ್ಲಿ ಬಿತ್ತು. ಒಳಗಿನ ಭಾಗ ನೆಲಕ್ಕೆ ತಾಗಿತು. ನಲ್ಲಿ ನೀರಲ್ಲಿ ತೊಳೆದು ಹಾಕ್ದೆ. ಆಮೇಲೆ ಎರಡು ಗಂಟೆ ಬಿಸಿಲಲ್ಲೇ ಇತ್ತು. ಹೇಳ್ಲಿಲ್ಲ. ತಪ್ಪು ನನ್ನದು."

ಆ ಕಡೆಯಿಂದ ಕಾಗದ ಮಗುಚಿದ ಸದ್ದು.

"ಅದಕ್ಕೇ ಎರಡು ಬೆಳೆದಿರಬಹುದು," ಎಂದರು. "ಹಾಗಂತ ಸೋಂಕಿಲ್ಲ ಅಂತಾನೂ ಹೇಳಕ್ಕಾಗಲ್ಲ. ಈಗ್ಲೇ ಮಗೂನ ಕರ್ಕೊಂಡು ಬನ್ನಿ, ಇನ್ನೊಂದು ಸಲ ನಾವೇ ಸರಿಯಾಗಿ ತೆಗೀತೀವಿ. ಅಡ್ಮಿಷನ್ ವಿಚಾರ ಅದನ್ನ ನೋಡಿ ಮಾತಾಡೋಣ. ಮತ್ತೆ... ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಎಷ್ಟೋ ಜನ ಹೇಳೋದೇ ಇಲ್ಲ."

ಅತ್ತೆ ಚೀಲದ ಜಿಪ್ಪು ಎಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಮುಚ್ಚಳ ಬಿದ್ದ ಸದ್ದು ನಂಗೆ ಆವತ್ತೇ ಕೇಳಿಸ್ತು," ಎಂದರು ಮಗುವನ್ನೆತ್ತಿಕೊಳ್ಳುತ್ತ. "ಓದಿದೋಳು, ಅದಕ್ಕೂ ಏನೋ ವಿಧಾನ ಇರುತ್ತೆ ಅಂದ್ಕೊಂಡು ಸುಮ್ನಾದೆ. ಏಳು, ಚಪ್ಪಲಿ ಹಾಕ್ಕೋ."

ಫೋನ್ ಇನ್ನೂ ಕಿವಿಯಲ್ಲೇ ಇತ್ತು. "ಬರ್ತಿದ್ದೀವಿ ಡಾಕ್ಟ್ರೇ," ಎಂದೆ.