ಕಂಬಳಿ ಸೇರಿಸಿದ ಜೀಪಿನ ಟಾಪು

ಒಂದೇ ಮಳೆಗೆ ಅಮ್ಮ ಹೊಲಿದಿದ್ದ ಕ್ಯಾನ್ವಾಸ್ ಟಾಪು ಗೇಣುದ್ದ ಕುಗ್ಗಿ, ನಮ್ಮ ಹಳೆಯ ಮಿಲಿಟರಿ ಜೀಪಿನ ಹಿಂಭಾಗ ಬಯಲಾಯಿತು. ಅದು ಎಪ್ಪತ್ತರ ದಶಕ. ಹೆರಿಗೆಯಾದ ಅಕ್ಕನನ್ನೂ ಮಗುವನ್ನೂ ಮಾರನೆಯ ದಿನವೇ ದೊಡ್ಡಬಳ್ಳಾಪುರದ ಆಸ್ಪತ್ರೆಯಿಂದ ಕರೆತರಬೇಕಿತ್ತು.

“ಬಸ್ಸಲ್ಲೇ ಕರ್ಕೊಂಡ್ ಬರಾಣ ಬಿಡು,” ಎಂದರು ಅಪ್ಪ.

ಅಮ್ಮ ಗೋಣಿ ಹೊಲಿಯುವ ದಬ್ಬಳವನ್ನು ಮತ್ತೆ ಕೈಗೆತ್ತಿಕೊಂಡಳು. “ರವಿಕೆ ಬಟ್ಟೆ ಆದ್ರೆ ನೆನೆಸಿ ಹೊಲಿತೀನಿ, ಇದನ್ನ ನೆನೆಸ್ದೇನೇ ಹೊಲ್ದ್ಬಿಟ್ಟೆ. ಬಾಣಂತಿಗೆ ಬಸ್ಸಿನ ಗಾಳಿ ಬೇಡ. ಜೀಪಲ್ಲೇ ಕರ್ಕೊಂಡ್ ಬರೋದು.”

ಎಷ್ಟೋ ಸಲ ಒಗೆದು ಮೆತ್ತಗಾಗಿ, ಇನ್ನು ಕುಗ್ಗದಂತಿದ್ದ ತನ್ನ ಕಂಬಳಿಯನ್ನೇ ಕತ್ತರಿಸಿ, ಸಂಜೆಯೊಳಗೆ ಟಾಪಿನ ಹಿಂದಕ್ಕೆ ಪಟ್ಟಿ ಕೊಟ್ಟಳು. ಮರುದಿನ ಜಡಿಮಳೆಯಲ್ಲೂ ಮಗು ನಿದ್ದೆಯಿಂದ ಏಳದೆ ಮನೆ ಸೇರಿತು.

ಮುಂದೆ ಅಪ್ಪ ಬೆಂಗಳೂರಿನಲ್ಲಿ ಅಳತೆ ಕೊಟ್ಟು ಹೊಸ ಟಾಪು ಮಾಡಿಸಿದರು. ಎಲ್ಲೂ ಬೆರಳಷ್ಟೂ ಕಮ್ಮಿಯಿರಲಿಲ್ಲ. ಆದರೂ ಆ ಕಂಬಳಿ ಪಟ್ಟಿಯನ್ನು ಅದರ ಹಿಂದೆ ಹೊಲಿಸಿಕೊಂಡೇ ಬಂದರು.