ಬಂಡೆಪ್ಪನ ನಾಲಗೆ

ಮೋರಖಂಡಿಯ ಬಂಡೆಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಕಬ್ಬಿನ ರಸ ಒಂದು ಹನಿ ನಾಲಗೆಗೆ ತಾಕಿದರೆ ಸಾಕು, ಅದರ ಹುಳಿ ಮುರಿಯಲು ಎಷ್ಟು ಸುಣ್ಣದ ತಿಳಿ ಬೇಕೆಂದು ಹೇಳುತ್ತಿದ್ದ. ಸುಗ್ಗಿ ಶುರುವಾದರೆ ಗಾಣದವರು ತೆಂಗಿನಕಾಯಿ ಹಿಡಿದು ಅವನ ಮನೆ ಬಾಗಿಲಿಗೆ ಹೋಗಬೇಕು. ಅವನು ಕಾಯಿ ತೆಗೆದುಕೊಂಡರೆ ಆ ವರ್ಷದ ಬೆಲ್ಲದ ಹೊಣೆ ಅವನದು. ಸುಣ್ಣದ ಗಡಿಗೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ನಾನು ಮುಟ್ಟಿದೆ.

೧೯೬೮ರಲ್ಲಿ ಹುಮನಾಬಾದಿನಲ್ಲಿ ವಿಜ್ಞಾನದ ಮಾಸ್ತರನಾಗಿ ಹೊಸದಾಗಿ ಸೇರಿದ್ದೆ. ಕಬ್ಬಿನಲ್ಲಿ, ಕಾಯಿ ದ್ರಾಕ್ಷಿಯಲ್ಲಿ ಗ್ಲೈಕಾಲಿಕ್ ಆಮ್ಲ ತಾನಾಗಿಯೇ ಇರುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಬಣ್ಣವಿಲ್ಲ, ವಾಸನೆಯಿಲ್ಲ, ನೀರಿಗೆ ಬಿದ್ದೊಡನೆ ಕರಗುತ್ತದೆ. ಹರಳನ್ನು ತೆರೆದಿಟ್ಟರೆ ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ. ಬೆಲ್ಲ ಜಿನುಗುವುದು ಇದರಿಂದಲೇ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನನ್ನ ಕೊಡೆ ಲಿಟ್ಮಸ್ ಕಾಗದ.

ಒಂದು ಭಾನುವಾರ ಮೋರಖಂಡಿಯಲ್ಲಿದ್ದ ನನ್ನ ಕಾಕಾ ವೈಜನಾಥರ ಗಾಣಕ್ಕೆ ಹೋದೆ. ಬಂಡೆಪ್ಪ ರಸಕ್ಕೆ ಸುಣ್ಣ ಹಾಕಿ, ರುಚಿ ನೋಡಿ, ಉರಿ ಸರಿಮಾಡಲು ಒಲೆಯ ಹಿಂದೆ ಹೋದ. ನಾನು ಕಾಗದ ಅದ್ದಿದೆ. ಸುಣ್ಣ ಬಿದ್ದ ಮೇಲೂ ಕೆಂಪಾಯಿತು. ಆಮ್ಲ ಉಳಿದಿದೆ! ಕಾಗದ ನೀಲಿಯಾಗುವವರೆಗೆ ಗಡಿಗೆ ಬಗ್ಗಿಸಿದೆ. ಸ್ವಲ್ಪ ಹುಳಿ ಉಳಿದರೇನೇ ಬೆಲ್ಲ ಹೊಂಬಣ್ಣಕ್ಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಂಜೆಗೆ ಬೆಲ್ಲ ಇದ್ದಲಿನ ಬಣ್ಣಕ್ಕೆ ತಿರುಗಿತ್ತು.

"ಬಂಡೆಪ್ಪಾ, ನಿನ್ನ ನಾಲಗಿ ಸತ್ತದೇನೋ?" ಎಂದು ಕಾಕಾ ಹತ್ತು ಜನರ ಮುಂದೆ ಕೂಗಿದರು.

ಬಂಡೆಪ್ಪ ಒಂದು ಚೂರು ಬಾಯಿಗಿಟ್ಟುಕೊಂಡ. "ಸುಣ್ಣ ಹೆಚ್ಚಾಗೇದರಿ ಸಾವ್ಕಾರ. ನಂದೇ ತಪ್ಪು."

ಲಿಟ್ಮಸ್ ನನ್ನ ಜೇಬಿನಲ್ಲೇ ಇತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಮಾಸ್ತರಿಕೆಯ ಮರ್ಯಾದೆ ಅಷ್ಟು ದೊಡ್ಡದಾಗಿ ಕಂಡಿತ್ತು, ಥೂ!

ಮುಂದಿನ ವರ್ಷ ಸಿಟ್ಟಿಳಿದ ಕಾಕಾ ತಾವೇ ಕಾಯಿ ಒಯ್ದರು. ಅವನು ಮುಟ್ಟಲಿಲ್ಲ. "ನನ್ನ ನಾಲಗಿ ಮ್ಯಾಲ ನನಗ ಭರೋಸಾ ಇಲ್ರಿ" ಎಂದನಂತೆ. ಅಂದಿನಿಂದ ಕಂಡವರ ಹೊಲದಲ್ಲಿ ಕಳೆ ತೆಗೆದ. ಗಾಣದ ಹೊಗೆ ಕಂಡರೆ ದಾರಿ ಬದಲಿಸುತ್ತಿದ್ದ.

ಹೇಳಬೇಕು ಹೇಳಬೇಕು ಎನ್ನುತ್ತಲೇ ಹನ್ನೊಂದು ವರ್ಷ ಕಳೆದವು. ೧೯೭೯ರ ದಸರಾ ರಜೆಯಲ್ಲಿ ಬಸವಕಲ್ಯಾಣದಲ್ಲಿ ಬಸ್ ಇಳಿದು ಮೋರಖಂಡಿಗೆ ಹೋದೆ. ಅವನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದೇ ಬಂದಿದ್ದೆ.

"ಹಂಗಾರ ನನ್ನ ನಾಲಗಿ ಸುಳ್ಳ ಹೇಳಿಲ್ಲೇನ್ರಿ?" ಅವನ ಕಣ್ಣು ತುಂಬಿದವು. "ನಾ ಸುಮ್ನ ಅದರ ಮ್ಯಾಲ ಸಿಟ್ಟ ಮಾಡ್ಕೊಂಡ ಕುಂತೆನಲ್ರಿ."

ಕಣ್ಣೊರೆಸಿಕೊಂಡು, "ಒಂದು ಗಳ ಕಬ್ಬು ತರ್ರಿ" ಎಂದ.

ಎದುರಿನ ಹೊಲದಿಂದ ಮುರಿದು ತಂದು, ಸಿಪ್ಪೆ ತೆಗೆದು, ಅವನಿಗೊಂದು ತುಂಡು ಕೊಟ್ಟು ನಾನೂ ಒಂದು ಕಚ್ಚಿದೆ. ಇನ್ನೂ ಎಳೆಯ ಕಬ್ಬು. ನನ್ನಂಥವನಿಗೂ ಹುಳಿ ಹಲ್ಲಿಗೆ ಹತ್ತಿತು. ಬಂಡೆಪ್ಪ ಉಳಿದ ನಾಲ್ಕು ಹಲ್ಲಿನಲ್ಲಿ ಹಿಂಡಿ, ರಸವನ್ನು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ. ನುಂಗಿ, ಇನ್ನೊಂದು ಸಲ ಹಿಂಡಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಮಾಸ್ತರ್ರ, ನನಗ ಗೊತ್ತಾಗವಲ್ದು, ನೀವ ಹೇಳ್ರಿ. ಇದು ಬಲತದೋ, ಇನ್ನಾ ಎಳೇದದೋ?"