ಮಡಚಿದ ಹಾಳೆ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳು ಎಲ್ಲರಿಗೂ ಸಂಚಿಕೆ ಅಕ್ಕ. ಸಂಶೋಧನಾ ಪತ್ರಿಕೆಗಳ ವಿಭಾಗ ಅವಳದು. ಲಕೋಟೆ ಒಡೆದು ಮುದ್ರೆ ಒತ್ತುವುದು, ಕಾರ್ಡಿನಲ್ಲಿ ಗುರುತು ಹಾಕುವುದು, ಬಾರದೆ ಉಳಿದ ಸಂಚಿಕೆಗಾಗಿ ಪತ್ರದ ಮೇಲೆ ಪತ್ರ ಬರೆದು ಪ್ರಕಾಶಕರ ಪ್ರಾಣ ತಿನ್ನುವುದು, ವರ್ಷ ತುಂಬಿದ ಮೇಲೆ ಸಂಚಿಕೆಗಳನ್ನು ಜೋಡಿಸಿ ನೆಲಮಾಳಿಗೆಯ ಬೈಂಡಿಂಗ್ ಕೋಣೆಗೆ ಕಳಿಸುವುದು. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ಮಾಡಿ ಕಪಾಟುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಯಾರಾದರೂ ಬಂದು "ಅಕ್ಕಾ, ಮೀನಿನ ಕಿವಿರಿನ ಬಗ್ಗೆ ಒಂದಿತ್ತಲ್ಲ, ನೀಲಿ ರಟ್ಟಿಂದು" ಅಂದರೆ ಸಾಕು, "ಸಂಪುಟ ಇಪ್ಪತ್ತೆರಡು, ಮೂರನೇ ಸಂಚಿಕೆ" ಎಂದು ತಲೆಯೆತ್ತದೆ ಹೇಳುತ್ತಿದ್ದಳು. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಮಾತ್ರ ನಗುತ್ತಿದ್ದಳು. "ನಾನು ಬಾಗಿಲು ಕಾಯೋಳಪ್ಪ. ಒಳಗಿನ ಮಾತು ನಂಗೇನು ಗೊತ್ತು?"

ಬೈಂಡಿಂಗ್ ಮಾಡುತ್ತಿದ್ದ ಮುದುಕನನ್ನು ಅಂಟಜ್ಜ ಅನ್ನುತ್ತಿದ್ದರು. ಆತನ ಉಗುರಿನ ಅಂಚಿನಲ್ಲಿ ಯಾವಾಗಲೂ ಒಣಗಿದ ಅಂಟು. ಮದುವೆ ಮನೆಗೆ ಹೋದರೂ ಅಂಟು ಜೊತೆಗೇ ಬರುತ್ತದೆ ಎಂದು ಆತನ ಹೆಂಡತಿ ಗೊಣಗುತ್ತಿದ್ದಳಂತೆ.

ಹೀಗಿರುವಾಗ ಹೊಸ ಮುಖ್ಯಸ್ಥರು ಬಂದರು. ಕೆಟ್ಟ ಮನುಷ್ಯರೇನಲ್ಲ. ಬಂದ ವಾರದಲ್ಲೇ ಅಕ್ಕನನ್ನು ಕರೆದುಕೊಂಡು ಓದುವ ಹಾಲಿಗೆ ಹೋಗಿ ತಲೆ ಎಣಿಸಿದರು. ನೂರ ಎಂಬತ್ತು ಕುರ್ಚಿ, ಹನ್ನೊಂದು ಜನ. ಅವರಲ್ಲಿ ನಾಲ್ವರು ಗಾಢ ನಿದ್ದೆಯಲ್ಲಿದ್ದರು.

"ಅಕ್ಕಾ, ನಿಜ ಹೇಳಿ. ಇದು ಗ್ರಂಥಾಲಯನಾ, ಗೋದಾಮಾ?"

ಕಳೆದ ವರ್ಷ ತನ್ನ ವಿಭಾಗದಲ್ಲಿ ಓದುಗರು ಕಪಾಟಿನಿಂದ ಇಳಿಸಿದ ಸಂಪುಟಗಳನ್ನು ಅಕ್ಕ ಬೆರಳು ಮಡಚಿ ಎಣಿಸಬಹುದಿತ್ತು.

ಮುಖ್ಯಸ್ಥರು ನಕ್ಷೆ ಬಿಡಿಸಿ ತೋರಿಸಿದರು. ಕಪಾಟು ಇದ್ದಲ್ಲಿ ದುಂಡು ಮೇಜು, ಗುಂಪಾಗಿ ಕೂತು ಓದಲು ಗಾಜಿನ ಕೋಣೆಗಳು, ಮೂಲೆಯಲ್ಲಿ ತರಬೇತಿಯ ಕಂಪ್ಯೂಟರುಗಳು. "ಪುಸ್ತಕ ಕಾಯೋ ಕಾಲ ಮುಗೀತು. ಇನ್ಮೇಲೆ ಹುಡುಕೋದು ಹೇಗೆ ಅಂತ ಮಕ್ಕಳಿಗೆ ಕಲಿಸೋದು ನಮ್ಮ ಕೆಲಸ. ಹಳೇ ಪತ್ರಿಕೆಯೆಲ್ಲ ಈಗ ಕಂಪ್ಯೂಟರಲ್ಲೇ ಸಿಗುತ್ತೆ. ಸಿಗುತ್ತೋ ಇಲ್ವೋ ಒಂದೊಂದಾಗಿ ನೋಡಿ ಪಟ್ಟಿ ಮಾಡಿಕೊಡಿ. ನಿಮಗಿಂತ ಚೆನ್ನಾಗಿ ಗೊತ್ತಿರೋರು ಇಲ್ಲಿ ಯಾರಿದಾರೆ?"

ಐದು ಸಾವಿರದ ಎಂಟುನೂರು ಸಂಪುಟಗಳು. ಎರಡು ವರ್ಷ ಹಿಡಿಯಿತು. ಪ್ರತಿ ಲೇಖನದ ಮೊದಲ ಪುಟ ತೆರೆಯುತ್ತದೆಯೇ, ಕೊನೆಯ ಪುಟ ತೆರೆಯುತ್ತದೆಯೇ ಎಂದು ನೋಡಿ, "ಇದೆ" ಎಂದು ಬರೆದು, ಪಕ್ಕದಲ್ಲಿ ತನ್ನ ಪುಟ್ಟ ಸಹಿ ಹಾಕುತ್ತ ಹೋದಳು. ಅಷ್ಟು ನಿಯತ್ತಾಗಿ ಆ ಕೆಲಸವನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ.

ಆಮೇಲೆ ಲಾರಿ ಬಂತು. ಹಗ್ಗ ಬಿಗಿದ ಸಂಪುಟಗಳು ಮೂರು ದಿನ ಹಿಂಬಾಗಿಲಿನಿಂದ ಇಳಿದು ಕಾಗದದ ಗಿರಣಿಗೆ ಹೋದವು. ಅಂಟಜ್ಜ ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದ. "ನನ್ನ ಹೊಲಿಗೆ ಬಿಚ್ಚೋಕೆ ಅವರಪ್ಪನ ಕೈಲೂ ಆಗಲ್ಲ, ನೋಡ್ತಿರು" ಎಂದ. ಆ ಮಾತಿನಲ್ಲಿ ಜಂಬ ಎಷ್ಟಿತ್ತು, ದುಃಖ ಎಷ್ಟಿತ್ತು ಅಕ್ಕನಿಗೆ ತಿಳಿಯಲಿಲ್ಲ. ಅದೇ ವರ್ಷ ಆತ ನಿವೃತ್ತನಾದ. ಆ ಜಾಗಕ್ಕೆ ಬೇರೆಯವರು ಬರಲಿಲ್ಲ.

ಅಕ್ಕನಿಗೆ ಪಾಠ ಹೇಳುವ ಕೆಲಸ ಬಂತು. ಮೊದಲ ದಿನ ನಲವತ್ತು ಮಕ್ಕಳ ಮುಂದೆ ನಿಂತು, ಬರೆದುಕೊಂಡು ಬಂದಿದ್ದ ಚೀಟಿಯನ್ನು ತಲೆಯೆತ್ತದೆ ಓದಿದಳು. ಆದರೆ ಆ ಮಕ್ಕಳಿಗೆ ಒಂದು ಗಳಿಗೆಯಲ್ಲಿ ಹತ್ತು ಸಾವಿರ ಲೇಖನ ಸಿಗುತ್ತಿತ್ತೇ ಹೊರತು ಅದರಲ್ಲಿ ಬೇಕಾದದ್ದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಅದನ್ನು ಹೇಳಿಕೊಡಲು ಅಕ್ಕನಿಗೆ ಬಂತು. ಓದುವ ಹಾಲ್ ತುಂಬಿತು, ಗಲಾಟೆಯೂ ತುಂಬಿತು. ಮುಖ್ಯಸ್ಥರು ಹೇಳಿದ್ದು ಸುಳ್ಳಾಗಲಿಲ್ಲ ಎಂದು ಮನೆಯಲ್ಲಿ ಗಂಡನ ಮುಂದೆ ಒಪ್ಪಿಕೊಂಡಳು. ಲಿಫ್ಟ್ ರಿಪೇರಿಯವನಾದ ಗಂಡ, "ನೋಡಿದ್ಯಾ, ಸುಮ್ನೆ ಅಳ್ತಿದ್ದೆ" ಎಂದ.

ಒಂದೂವರೆ ವರ್ಷ ಹೀಗೇ ಕಳೆಯಿತು. ನಂತರ ಪ್ರಕಾಶಕರು ಚಂದಾ ದರವನ್ನು ಒಮ್ಮೆಲೇ ಏರಿಸಿದರು. ವಿಶ್ವವಿದ್ಯಾಲಯದ ಸಮಿತಿ ಚಂದಾ ನಿಲ್ಲಿಸಿತು. ಮಾರನೆಯ ದಿನ ಅಕ್ಕ ಕಂಪ್ಯೂಟರ್ ತೆರೆದರೆ ಹೊಸ ಸಂಚಿಕೆಗಳ ಜೊತೆಗೆ ಹಳೆಯವೂ ಮಾಯ.

"ಹಳೇದು ನಮ್ದೇ ಅಲ್ವಾ ಸರ್?"

ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಾವು ಕೊಂಡಿರ್ಲಿಲ್ಲ ಅಕ್ಕಾ. ಬಾಡಿಗೆಗೆ ತಗೊಂಡಿದ್ವಿ."

ಆ ತಿಂಗಳಲ್ಲೇ ಬಾವಿ ಹುಡುಗಿ ಬಂದಳು. ಹುಡುಗಿ ಎಂದರೆ ಎರಡು ಮಕ್ಕಳ ತಾಯಿ. ಊರಾಚೆಯ ಬಡಾವಣೆಗಳ ಬಾವಿ ನೀರಿನ ಮೇಲೆ ಸಂಶೋಧನೆ ಮಾಡುತ್ತಿದ್ದುದರಿಂದ ಸಿಬ್ಬಂದಿ ಇಟ್ಟ ಹೆಸರು ಅದು. ಆ ಬಡಾವಣೆಗಳ ನಡುವೆ ಇಪ್ಪತ್ತೈದು ವರ್ಷಗಳಿಂದ ಬಣ್ಣದ ಕಾರ್ಖಾನೆಗಳಿದ್ದವು. ಈಗ ನೀರು ಕೆಟ್ಟಿದೆ ಎಂದು ಜನ ದೂರು ಕೊಟ್ಟು, ಸರ್ಕಾರದ ವಿಚಾರಣೆ ನಡೆಯುತ್ತಿತ್ತು. ಮೊದಲಿಂದಲೂ ನೀರು ಹೀಗೇ ಇತ್ತು ಎನ್ನುವುದು ಕಾರ್ಖಾನೆಯವರ ವಾದ.

"ಕಾರ್ಖಾನೆ ಬರೋಕೆ ಮುಂಚೆ ಇಲ್ಲಿನ ಪ್ರೊಫೆಸರ್ ಒಬ್ರು ಅರವತ್ಮೂರು ಬಾವಿ ನೀರು ಪರೀಕ್ಷೆ ಮಾಡಿದ್ರಂತೆ ಅಕ್ಕಾ. ಅವರು ಈಗಿಲ್ಲ, ಕಾಗದ ಪತ್ರನೂ ಉಳಿದಿಲ್ಲ. ಆದ್ರೆ ಅವರ ಲೇಖನ ಒಂದು ಅಚ್ಚಾಗಿತ್ತಂತೆ. ಅದೊಂದು ಸಿಕ್ಕಿದ್ರೆ ಸಾಕು." ಲೇಖನದ ಹೆಸರು ಹೇಳಿದಳು.

"ಸಂಪುಟ ಒಂಬತ್ತು, ನಾಲ್ಕನೇ ಸಂಚಿಕೆ, ಕಂದು ರಟ್ಟು." ಅಭ್ಯಾಸಬಲದಿಂದ ಮಾತು ತಾನಾಗಿ ಬಾಯಿಂದ ಬಂತು. ಬಂದ ಮೇಲೆ, ಆ ಸಂಪುಟ ಲಾರಿ ಹತ್ತಿ ಹೋದದ್ದು ಅಕ್ಕನಿಗೆ ನೆನಪಾಯಿತು.

ಏಳು ಗ್ರಂಥಾಲಯಗಳಿಗೆ ಬರೆದಳು. ಐದರಿಂದ ಒಂದೇ ಉತ್ತರ: ನಾವು ತೆಗೆದುಹಾಕಿದ್ದೇವೆ, ಕಂಪ್ಯೂಟರಿನಲ್ಲಿ ಸಿಗುತ್ತದೆ. ಪ್ರತಿಯೊಬ್ಬರೂ ಇನ್ನೊಬ್ಬರ ಹತ್ತಿರ ಇದ್ದೇ ಇರುತ್ತದೆ ಎಂದು ನಂಬಿ ಕೂತಿದ್ದರು. ಒಂದರಿಂದ ಉತ್ತರವೇ ಬರಲಿಲ್ಲ. ಏಳನೆಯದರಲ್ಲಿ ಚಂದಾ ಇನ್ನೂ ಚಾಲ್ತಿಯಲ್ಲಿತ್ತು. ಅಲ್ಲಿಯ ಪುಣ್ಯಾತ್ಗಿತ್ತಿ ಒಬ್ಬಳು ಲೇಖನದ ಪ್ರತಿಯನ್ನು ಕಳಿಸಿಕೊಟ್ಟಳು. ಅಕ್ಕನೂ ಬಾವಿ ಹುಡುಗಿಯೂ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. ಮೊದಲ ಪುಟ ಚೆನ್ನಾಗಿತ್ತು. ಕೊನೆಯ ಪುಟವೂ ಚೆನ್ನಾಗಿತ್ತು. ನಡುವೆ, ಬಾವಿಗಳ ಕೋಷ್ಟಕ ಇರಬೇಕಾದ ಕಡೆ, ಮೇಲಿನ ಹನ್ನೊಂದು ಸಾಲು ಕಾಣಿಸಿ, ಅದರ ಕೆಳಗೆ ಒಂದು ಮಡಿಕೆಯ ಗೆರೆ. ಗೆರೆಯ ಕೆಳಗೆ ಬರೀ ಖಾಲಿ ಕಾಗದ.

"ಇದೇನಕ್ಕಾ ಹೀಗಿದೆ?"

"ಉದ್ದದ ಹಾಳೆ. ಮಡಚಿ ಸೇರಿಸಿದ್ರು. ಸ್ಕ್ಯಾನ್ ಮಾಡಿದೋರು ಬಿಡಿಸೇ ಇಲ್ಲ."

ಹುಡುಗಿ ಆ ಹನ್ನೊಂದು ಸಾಲುಗಳನ್ನು ಎರಡು ಸಲ ಓದಿದಳು. ಹನ್ನೊಂದೂ ದಿಬ್ಬದ ಮೇಲಿನ ಬಾವಿಗಳು. ಕಾರ್ಖಾನೆಗಳಿದ್ದದ್ದು ಕೆಳಗಿನ ತಗ್ಗಿನಲ್ಲಿ.

ಅಕ್ಕ ಪ್ರಕಾಶಕರಿಗೆ ಬರೆದಳು. ಮೂಲ ಪ್ರತಿಗಳನ್ನು ಸ್ಕ್ಯಾನ್ ಆದ ಮೇಲೆ ಉಳಿಸಿಕೊಂಡಿಲ್ಲ, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಉತ್ತರ ಬಂತು. ಕೊನೆಗೆ ಕೈಕಾಲು ಆಡದೆ ಅಂಟಜ್ಜನನ್ನು ಹುಡುಕಿಕೊಂಡು ಹೊರಟಳು. ಮಗಳ ಮನೆಯ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆತ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಕಂದು ರಟ್ಟು, ಮಡಚಿದ ಹಾಳೆ ಎಂದ ಕೂಡಲೇ ಮುಖ ಅರಳಿತು.

"ನೆನಪಿಲ್ದೆ ಏನು? ಮೂರು ಮಡಿಕೆ. ಹರಿದೀತು ಅಂತ ಹಿಂದೆ ತೆಳ್ಳನೆ ಬಟ್ಟೆ ಅಂಟಿಸಿದ್ದೆ. ಅಂಥ ಕೆಲಸ ಈಗ ಯಾರು ಮಾಡ್ತಾರೆ?"

"ಅದರಲ್ಲಿ ಏನಿತ್ತು ಅಜ್ಜಾ?"

"ಅಂಕಿ."

"ಎಷ್ಟೆಷ್ಟು? ಒಂದಾದ್ರೂ?"

ಮುದುಕನ ಕೈಗಳು ಗಾಳಿಯಲ್ಲಿ ಒಂದು ಹಾಳೆಯನ್ನು ಬಿಡಿಸಿ, ಮತ್ತೆ ಸರಿಯಾಗಿ ಮಡಚಿದವು. "ಮಡಿಕೆ ನೇರವಾಗಿದ್ಯಾ ಅಂತ ನೋಡ್ತಿದ್ದೆ ಕಣಮ್ಮ. ಓದೋದು ನಮ್ಮ ಕೆಲಸ ಆಗಿರ್ಲಿಲ್ವಲ್ಲ." ತನಗೂ ಅದೇ ಮಾತು ಸಲ್ಲುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು. ಆ ಹಾಳೆಯ ಹಿಂದೆ ಮುದ್ರೆ ಒತ್ತಿದ್ದವಳು ಅವಳೇ.

ಬಾವಿ ಹುಡುಗಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳಿಗೆ ಪದವಿಯೇನೋ ಸಿಕ್ಕಿತು. ವಿಚಾರಣೆಯ ವರದಿ ಮಾತ್ರ, ಬಾವಿಗಳ ಹಿಂದಿನ ಸ್ಥಿತಿಗೆ ಆಧಾರ ಲಭ್ಯವಿಲ್ಲ ಎಂದು ಒಂದು ಸಾಲು ಬರೆದು ಮುಗಿಸಿತು. ತಗ್ಗಿನ ಜನ ಈಗಲೂ ಟ್ಯಾಂಕರಿಗೆ ಕಾಯುತ್ತಾರೆ.

ಅಕ್ಕ ಪಟ್ಟಿಯ ಆ ಪುಟವನ್ನು ಹಿಡಿದುಕೊಂಡು ಮುಖ್ಯಸ್ಥರ ಕೋಣೆಗೆ ಹೋದಳು. "ಇದೆ ಅಂತ ಬರೆದಿರೋದು ನಾನು ಸರ್. ಸಹಿ ನಂದು."

"ಸಹಿ ನಿಮ್ದು, ಆದೇಶ ನಂದು, ಸುತ್ತೋಲೆ ಮೇಲಿನವರದು. ಯಾರನ್ನ ಹಿಡಿಯೋಣ ಹೇಳಿ?" ಎಂದರು ಅವರು. ಅವರ ಮುಖವೂ ಬಾಡಿತ್ತು. ಮೇಜಿನ ಮೇಲಿದ್ದ ಹೊಸ ಸುತ್ತೋಲೆಯನ್ನು ಅವಳ ಕಡೆಗೆ ಸರಿಸಿದರು. ಉಗ್ರಾಣದಲ್ಲಿ ಉಳಿದ ಮೂರು ಸಾವಿರ ಸಂಪುಟಗಳು ಬೇರೆ ಪ್ರಕಾಶಕರವು, ಅವರ ಚಂದಾ ಇನ್ನೂ ಚಾಲ್ತಿಯಲ್ಲಿರುವುದರಿಂದ ಅವನ್ನೂ ರಜೆ ಮುಗಿಯುವುದರೊಳಗೆ ತೆರವು ಮಾಡಬೇಕಿತ್ತು.

"ಈ ಸಲ ಒಂದೊಂದು ಪುಟನೂ ತೆರೆದು ನೋಡ್ತೀನಿ ಸರ್. ಒಂದು ವರ್ಷ ಕೊಡಿ."

"ಆರು ವಾರ ಇದೆ ಅಕ್ಕಾ. ನನ್ನ ಕೈಲಿರೋದು ಅಷ್ಟೇ."

ಆರು ವಾರ ಅವಳು ಉಗ್ರಾಣ ಬಿಟ್ಟು ಕದಲಲಿಲ್ಲ. ಭಾನುವಾರಗಳಲ್ಲಿ ಗಂಡನೂ ಬಂದು ಗ್ರೀಸು ಹಿಡಿದ ಕೈಗಳನ್ನು ಮೂರು ಸಲ ತೊಳೆದುಕೊಂಡು ಹಾಳೆ ಬಿಡಿಸಿಕೊಟ್ಟ. ಒಂಬೈನೂರು ಸಂಪುಟ ನೋಡಿ ಮುಗಿಸುವಷ್ಟರಲ್ಲಿ ನಲವತ್ತೇಳರಲ್ಲಿ ಅದೇ ತಪ್ಪು ಸಿಕ್ಕಿತು: ಮಡಚಿದ ನಕ್ಷೆ, ಮಡಚಿದ ಕೋಷ್ಟಕ. ಅವನ್ನು ಬೇರೆ ಎತ್ತಿಟ್ಟಳು. ಉಳಿದ ಎರಡು ಸಾವಿರದ ನೂರರ ಮುಂದೆ "ನೋಡಿಲ್ಲ" ಎಂದು ಬರೆದು ಪಟ್ಟಿ ಕಳಿಸಿದಳು.

ಎರಡೇ ದಿನದಲ್ಲಿ ಪಟ್ಟಿ ವಾಪಸು ಬಂತು. ಆ ಅಂಕಣದಲ್ಲಿ "ಇದೆ" ಅಥವಾ "ಇಲ್ಲ" ಎಂದು ಮಾತ್ರ ತುಂಬಬಹುದು, ಬೇರೆ ಪದವನ್ನು ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಎಂದು ಕಚೇರಿಯವರು ಟಿಪ್ಪಣಿ ಹಾಕಿದ್ದರು. "ಇಲ್ಲ" ಎಂದು ತುಂಬಿದಳು. ಎರಡು ಸಾವಿರದ ನೂರು ಸಂಪುಟ ಎಲ್ಲೂ ಸಿಗುವುದಿಲ್ಲವೆಂದರೆ ನಂಬುವುದು ಹೇಗೆ ಎಂದು ಅದೂ ವಾಪಸು ಬಂತು.

ಲಾರಿ ಹೊರಗೆ ನಿಂತಿತ್ತು. ಡ್ರೈವರ್ ಎರಡು ಸಲ ಬಂದು ಇಣುಕಿ ಹೋದ. ಅಕ್ಕ ಮಧ್ಯಾಹ್ನದವರೆಗೂ ಕೀಲಿಮಣೆಯ ಮುಂದೆ ಕೈಕಟ್ಟಿ ಕೂತಿದ್ದಳು. ಆಮೇಲೆ ಮೊದಲನೆಯ ಸಾಲಿಗೆ ಹೋಗಿ, "ಇದೆ" ಎಂದು ಒತ್ತಿದಳು.